ದೇವರ ಹತ್ತಿರ ಮಾತ್ರ

ಬುಧವಾರ ಸಂಜೆಯಾಯಿತೆಂದರೆ ದಯಾವತಿಗೆ ಹೊಟ್ಟೆ ತೊಳಸತೊಡಗುತ್ತಿತ್ತು. ಕಾಯಿಲೆ ಏನಿಲ್ಲ, ಎಲ್ಲ ಒಂದು ಪುಸ್ತಕದ ಪ್ರಭಾವ. 'ಬೀಗ ತೆಗೆ, ಬೆಳಕು ಬರಲಿ' ಎಂಬ ಆ ಪುಸ್ತಕವನ್ನು ಬರೆದವರು ಅಮೆರಿಕದ ಯಾರೋ ಬೋಧಕರು. ಹಿಂಬದಿಯ ರಟ್ಟಿನ ಮೇಲೆ ಅವರ ಫೋಟೊ ಇತ್ತು, ಬಾಯಿ ತುಂಬ ಬಿಳೀ ಹಲ್ಲು. ಅದನ್ನು ಕನ್ನಡಕ್ಕೆ ತಂದ ಪುಣ್ಯಾತ್ಮನಿಗೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ ಎನ್ನುವುದು ದಯಾವತಿಯ ತೀರ್ಮಾನ. 'ನಿನ್ನ ಹೃದಯದ ನೆಲಮಾಳಿಗೆಯನ್ನು ಕೊನೆಯ ಬಾರಿ ಗುಡಿಸಿದ್ದು ಯಾವಾಗ?' ಎಂದು ಮೊದಲನೇ ಪುಟದಲ್ಲೇ ಕೇಳುತ್ತಿತ್ತು ಅದು. ನಾಗಸಂದ್ರ, ದಾಸರಹಳ್ಳಿ, ಪೀಣ್ಯ ಎಲ್ಲ ಸುತ್ತಿದರೂ ನೆಲಮಾಳಿಗೆ ಇರುವ ಮನೆ ಒಂದೂ ಸಿಗುವುದಿಲ್ಲ. ಹೈಸ್ಕೂಲಿನಲ್ಲಿ ಇಡೀ ಆಯುಸ್ಸು ಕನ್ನಡ ಕಲಿಸಿ ನಿವೃತ್ತಳಾದವಳಿಗೆ ಇಂಥದನ್ನು ಗಟ್ಟಿಯಾಗಿ ಓದಿಸಿ ತಲೆಯಾಡಿಸುವುದೆಂದರೆ, ನೆಂಟರ ಮನೆಯಲ್ಲಿ ಕಲ್ಲು ಸಿಕ್ಕ ಅನ್ನವನ್ನು ನಗುನಗುತ್ತ ನುಂಗಿದ ಹಾಗಾಗುತ್ತಿತ್ತು.

ಆದರೂ ನುಂಗಬೇಕಿತ್ತು. ಅವಳ ಚರ್ಚಿನ ಸಭೆಯವರೆಲ್ಲ ಸಣ್ಣ ಸಣ್ಣ ಗುಂಪುಗಳಾಗಿ ಮನೆಗಳಲ್ಲಿ ಕೂತು, ವಾರಕ್ಕೊಂದು ಅಧ್ಯಾಯ ಓದಿ ಚರ್ಚೆ ಮಾಡಬೇಕೆಂದು ಸಭಾಪಾಲಕರು ವೇದಿಕೆಯಿಂದಲೇ ಅಪ್ಪಣೆ ಕೊಡಿಸಿದ್ದರು. ನಾಗಸಂದ್ರದ ಗುಂಪಿಗೆ ಮನೆಯೂ ದಯಾವತಿಯದೇ, ನಾಯಕತ್ವವೂ ಅವಳದೇ. ಕಾರ್ಖಾನೆಯಿಂದ ನಿವೃತ್ತನಾಗಿದ್ದ ಅವಳ ಗಂಡ ಬುಧವಾರ ಮೊದಲ ಚಪ್ಪಲಿಯ ಸದ್ದು ಕೇಳಿದ ಕೂಡಲೆ ಪೇಪರು ಹಿಡಿದು ತಾರಸಿ ಹತ್ತಿಬಿಡುತ್ತಿದ್ದ. ಕೊನೆಯ ಚಪ್ಪಲಿ ಹೋಗುವವರೆಗೆ ಕೆಳಗಿಳಿಯುತ್ತಿರಲಿಲ್ಲ. ಅವನ ಪುಣ್ಯ.

ಗುಂಪು ಶುರುವಾಗುವ ಮೊದಲು ನಾಯಕರಿಗೆಲ್ಲ ತರಬೇತಿ ಇತ್ತು. ಟೈ ಕಟ್ಟಿಕೊಂಡಿದ್ದ ಒಬ್ಬ ಯುವಕ ಬಂದು ಗುಟ್ಟೊಂದನ್ನು ಹೇಳಿಕೊಟ್ಟ. "ಪ್ರಶ್ನೆ ಕೇಳಿ. ಆಮೇಲೆ ನೀವು ಸುಮ್ಮನಿದ್ಬಿಡಿ. ಮೌನಕ್ಕೆ ಹೆದರ್ಬೇಡಿ. ಸಹಿಸೋಕಾಗದೆ ಯಾರಾದ್ರೂ ಒಬ್ರು ಬಾಯಿ ಬಿಟ್ಟೇ ಬಿಡ್ತಾರೆ." ದಯಾವತಿಗೆ ನಗು ಬಂತು. ಈ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತರಗತಿಯಲ್ಲಿ ಕಿಟಕಿಯ ಗಾಜು ಒಡೆದದ್ದು ಯಾರು ಎಂದು ಒಂದೇ ಸಲ ಕೇಳಿ, ಕೈಕಟ್ಟಿ ಸುಮ್ಮನೆ ನಿಂತಳೆಂದರೆ, ಒಡೆದವನು ಮಾತ್ರವಲ್ಲ, ಒಡೆಯಬೇಕೆಂದು ಮನಸ್ಸು ಮಾಡಿದವನೂ ಎದ್ದು ನಿಲ್ಲುತ್ತಿದ್ದ. ಆ ಮೌನದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಇನ್ನೊಂದು ಹೆಮ್ಮೆಯೂ ಇತ್ತು. ಮೊದಲ ವಾರವೇ ಅವಳು ಗುಂಪಿಗೆ ಒಂದು ಕಟ್ಟಳೆ ಹಾಕಿದಳು. "ಇಲ್ಲಿ ಕೇಳಿದ್ದನ್ನ ಹೊರಗೆ ಯಾರ ಹತ್ರಾನೂ ಹೇಳಬಾರದು. ಹೇಳಲೇಬೇಕು ಅನ್ನಿಸಿದ್ರೆ ದೇವರ ಹತ್ತಿರ ಮಾತ್ರ ಹೇಳಿ." ಎಲ್ಲರೂ ಒಕ್ಕೊರಲಿನಿಂದ ಆಮೆನ್ ಅಂದರು. ವಾಕ್ಯ ಚೆನ್ನಾಗಿ ಬಂತಲ್ಲ ಎಂದು ಅವಳು ಒಳಗೊಳಗೇ ಖುಷಿಪಟ್ಟಿದ್ದಳು.

ಗುಂಪಿಗೆ ಭೂಷಣವೆಂದರೆ ಸಾಲೊಮಿ ಅಕ್ಕ. ಅವರು ಪ್ರಾರ್ಥನೆಯಲ್ಲಿ ಬಲು ಗಟ್ಟಿಗರೆಂದು ಸಭೆಯಲ್ಲೆಲ್ಲ ಹೆಸರು. ಯಾರ ಮನೆಯಲ್ಲಿ ಏನಾದರೂ ಸಾಲೊಮಿ ಅಕ್ಕನಿಗೆ 'ಭಾರ' ಬರುತ್ತಿತ್ತು. ಭಾರ ಎಂದರೆ ಸಭೆಯವರ ಮಾತಿನಲ್ಲಿ, ಇನ್ನೊಬ್ಬರ ಕಷ್ಟವನ್ನು ದೇವರು ತಂದು ನಮ್ಮ ಎದೆಯ ಮೇಲೆ ಇಡುವುದು. ಸಾಲೊಮಿ ಅಕ್ಕನ ಎದೆಯ ಮೇಲೆ ಇಟ್ಟಷ್ಟು ಭಾರವನ್ನು ಪೀಣ್ಯದ ಯಾವ ಲಾರಿಗೂ ಯಾರೂ ಹೇರಿರಲಿಲ್ಲ. ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಯಾರ ಮಗ ಕುಡಿದು ಮೆಟ್ರೊ ಕಂಬದ ಕೆಳಗೆ ಬಿದ್ದಿದ್ದ, ಎಲ್ಲ ಅವರಿಗೆ ಭಾರ. ಮತ್ತೆ ಆ ಭಾರವನ್ನು ಒಬ್ಬರೇ ಹೊರುವ ಸ್ವಾರ್ಥ ಅವರಿಗಿರಲಿಲ್ಲ.

ಅವರಿಗೆ ಬಾಲವಾಗಿ ಬ್ಯಾಂಕಿನ ವಾಸಂತಿ ಬರುತ್ತಿದ್ದಳು. ಮೆಷಿನ್ ಶಾಪಿನ ಸೂಪರ್‌ವೈಸರ್ ಪ್ರಸನ್ನಕುಮಾರ್ ಚಹಾದ ಜೊತೆ ಕೊಡುವ ಬಿಸಿ ಬೋಂಡಾಕ್ಕಾಗಿ ಬರುತ್ತಿದ್ದರು, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಕೊನೆಯವಳು ಮಲಕವ್ವ. ಯಾದಗಿರಿ ಕಡೆಯವಳೆಂದು ಹೇಳಿಕೊಂಡಿದ್ದಳು, ಗಾರ್ಮೆಂಟ್ಸ್‌ನಲ್ಲಿ ಕಾಲರು ಹೊಲಿಯುವ ಕೆಲಸ. ಗಂಡ ಯಂಕಪ್ಪ ಎರಕದ ಕಾರ್ಖಾನೆಯಲ್ಲಿ. ಅವಳ ಅಜ್ಜನ ಕಾಲದಿಂದಲೂ ಮನೆಯವರು ಕ್ರೈಸ್ತರು. ಕಂಕುಳಲ್ಲಿ ಹಾಲುಗೂಸು. ಕೂಸಿಗೆ ದೀಕ್ಷಾಸ್ನಾನ ಆಗಬೇಕು, ಅದಕ್ಕೆ ತಾಯಿ ಗುಂಪಿಗೆ ತಪ್ಪದೆ ಬರಬೇಕು ಎಂದು ಸಭಾಪಾಲಕರು ಹೇಳಿದ್ದರು. ಹಾಗಾಗಿ ಶಿಫ್ಟು ಮುಗಿಸಿ, ಕೂದಲಲ್ಲಿ ದಾರದ ಎಳೆಗಳನ್ನು ಹಾಗೇ ಇಟ್ಟುಕೊಂಡು ಬಂದು, ಬಾಗಿಲ ಪಕ್ಕದ ಚಾಪೆಯ ಮೇಲೆ ಕೂರುತ್ತಿದ್ದಳು. ಸೋಫಾದ ಮೇಲೆ ಕೂರು ಎಂದರೆ, "ಇರ್ಲಿ ಬಿಡ್ರಿ ಅಕ್ಕಾರ, ಕೂಸು ಉಚ್ಚಿ ಹೊಯ್ತೈತಿ" ಅನ್ನುತ್ತಿದ್ದಳು.

ಮೂರನೇ ವಾರದ ಅಧ್ಯಾಯದ ಹೆಸರು 'ಯಾರಿಗೂ ತೋರಿಸದ ಕೋಣೆ'. ಓದಿ ಮುಗಿಸಿದ ಮೇಲೆ ನಾಯಕರು ಕೇಳಬೇಕಾದ ಪ್ರಶ್ನೆ ಅಲ್ಲೇ ಅಚ್ಚಾಗಿತ್ತು. ಯಾರಿಗೂ ಹೇಳದೆ ಇಟ್ಟುಕೊಂಡ ಯಾವ ವಿಷಯವನ್ನು ಇಂದು ನೀವು ಅರಿಕೆ ಮಾಡಲು ಸಿದ್ಧರಿದ್ದೀರಿ? ದಯಾವತಿ ಪ್ರಶ್ನೆ ಕೇಳಿ ಪುಸ್ತಕ ಮುಚ್ಚಿದಳು.

"ನಂಗೆ ಟ್ರಾಫಿಕ್ಕಲ್ಲಿ ಕೋಪ ಬರುತ್ತೆ ಮೇಡಂ" ಅಂದರು ಪ್ರಸನ್ನಕುಮಾರ್. ಮೂರು ವಾರವೂ ಅದೇ ಕೋಪ, ಅದೇ ಗೊರಗುಂಟೆಪಾಳ್ಯದ ಸಿಗ್ನಲ್ಲು.

"ನಾನು ಧಾರಾವಾಹಿ ಜಾಸ್ತಿ ನೋಡ್ತೀನಿ" ಅಂದಳು ವಾಸಂತಿ.

ಸಾಲೊಮಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣಲ್ಲಿ ಏನೂ ಇರಲಿಲ್ಲ. "ನನ್ನ ದೋಷ ಏನಂದ್ರೆ, ಬೇರೆಯವರ ಕಷ್ಟ ನೋಡಿದ್ರೆ ತಡ್ಕೊಳ್ಳೋಕಾಗಲ್ಲ. ಪ್ರೀತಿ ಜಾಸ್ತಿ ಆಗ್ಬಿಟ್ಟಿದೆ. ಕರ್ತನೇ ಕಮ್ಮಿ ಮಾಡ್ಬೇಕು."

ಛೀ ಅನ್ನಿಸಿತು ದಯಾವತಿಗೆ. ಒಬ್ಬೊಬ್ಬರೂ ತಮ್ಮ ಪಾಪವನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ತಂದಿದ್ದರು. ಇಂಥ ಪಾಪಗಳಿಗೆ ಕ್ಷಮೆ ಯಾಕೆ, ಬಹುಮಾನವನ್ನೇ ಕೊಡಬಹುದು. ಒಂದು ನಿಜವಾದ ಮಾತು ಈ ಕೋಣೆಯಲ್ಲಿ ಹುಟ್ಟುವುದೇ ಇಲ್ಲವೇ ಎಂದು ಅವಳಿಗೆ ರೇಗಿಹೋಯಿತು. ಆ ಸಿಟ್ಟಿನಲ್ಲೇ ತನ್ನ ವಿದ್ಯೆಯನ್ನು ಹೊರತೆಗೆದಳು. ಕೈಕಟ್ಟಿ ಕೂತಳು. ಸುಮ್ಮನಾದಳು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ವರ್ಕ್‌ಶಾಪಿನ ಗ್ರೈಂಡರು ಕಬ್ಬಿಣ ಉಜ್ಜುತ್ತಿತ್ತು. ಅವಳ ಕಣ್ಣು ಮಲಕವ್ವನ ಮೇಲೆ ಬಿತ್ತು. ಬಿತ್ತೋ, ಅವಳೇ ಇಟ್ಟಳೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ.

ಮಲಕವ್ವ ಕೂಸನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸಿದಳು. ಸೆರಗು ಸರಿಮಾಡಿಕೊಂಡಳು. ನಂತರ ತಲೆ ತಗ್ಗಿಸಿ ಹೇಳತೊಡಗಿದಳು.

"ನಾ ಒಂದ್ ಮಾತ ಅರಿಕಿ ಮಾಡ್ಕೋಬೇಕ್ರಿ ಅಕ್ಕಾರ. ಯಂಕಪ್ಪ ನನ್ನ ಲಗ್ನಾದ ಗಂಡ ಅಲ್ರಿ. ನನ್ನ ಮದಲ ಒಬ್ಬಾಂವಗ ಕೊಟ್ಟಿದ್ರು. ಅಂವ ದಿನಾ ಬಡೀತಿದ್ದ. ಒಂದ್ ಸಲ ಕೈ ಮುರದ. ಆಮ್ಯಾಲ ಒಂದಿನ ಕುಡಗೋಲ ತಗೊಂಡ ಬಂದ, ನಾ ಹೊಲದಾಗಿಂದ ಹಂಗ ಓಡಿ ಬಂದೆ. ಯಂಕಪ್ಪ ರೈಲಿನ್ಯಾಗ ಸಿಕ್ಕ. ಛಲೋ ಮನಶಾ ಅದಾನ್ರಿ. ನನ್ನ ಮದಲನೇ ಗಂಡನ ಅಣ್ಣತಮ್ಮರು, ಎಲ್ಲಿ ಸಿಕ್ರೂ ಕಡೀತೀವಿ ಅಂದಾರ. ಅವರ ಊರಾನ ಮಂದಿ ಇಲ್ಲೇ ಪೀಣ್ಯಾದಾಗ ಭಾಳ ಅದಾರ್ರಿ. ಅದಕ್ಕ ನಾ ಯಾರ ಮುಂದೂ ನಮ್ಮ ಊರಿನ ಹೆಸರ ಹೇಳಂಗಿಲ್ಲ. ಸುಳ್ಳ ಊರ ಹೇಳ್ತೀನಿ. ಅದು ಪಾಪ ಅಲ್ಲೇನ್ರಿ?"

ಮೊದಲು ಮಾತಾಡಿದವರು ಸಾಲೊಮಿ ಅಕ್ಕ. "ಅಯ್ಯೋ ಕಂದಾ" ಎಂದು ಎದ್ದು ಹೋಗಿ ಮಲಕವ್ವನ ತಲೆಯ ಮೇಲೆ ಕೈಯಿಟ್ಟರು. "ನಿಜವಾದ ಊರು ಯಾವ್ದಮ್ಮ? ಅವನ ಹೆಸರೇನು? ಪ್ರಾರ್ಥನೆಗೆ ಬೇಕು. ಸುಮ್ಮನೆ ಮೇಲ್ಮೇಲೆ ಕೇಳಿದ್ರೆ ಏನು ಬಂತು? ಖಚಿತವಾಗಿ ಕೇಳ್ಬೇಕು."

ದೇವರಿಗೆ ಊರು ಗೊತ್ತಿಲ್ಲವೇ ಎಂದು ದಯಾವತಿ ಕೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕೇಳಲಿಲ್ಲ. ಯಾಕೆಂದರೆ ಅವಳು ಆಗ ಬೇರೊಂದು ಸಂತೋಷದಲ್ಲಿದ್ದಳು. ಮೂರು ವಾರದಿಂದ ಹೊರಡದ ನಿಜ ಕೊನೆಗೂ ಹೊರಟಿತ್ತು, ಹೊರಡಿಸಿದವಳು ತಾನು. ಗೆದ್ದೆ ಅನ್ನಿಸಿತ್ತು ಅವಳಿಗೆ. ಮಲಕವ್ವ ಊರು ಹೇಳಿದಳು, ಹೆಸರನ್ನೂ ಹೇಳಿದಳು. ಅವೆರಡೂ ಈ ಕಥೆಯಲ್ಲಿ ಬೇಡ.

"ಇದು ದೇವರ ಹತ್ತಿರ ಮಾತ್ರ" ಎಂದು ದಯಾವತಿ ಎಲ್ಲರಿಗೂ ನೆನಪು ಮಾಡಿದಳು. ಎಲ್ಲರೂ ಆಮೆನ್ ಅಂದರು.

ಶುಕ್ರವಾರ ಸಭೆಯ ಹಾಲ್‌ನಲ್ಲಿ ಉಪವಾಸ ಪ್ರಾರ್ಥನೆ. ತುಮಕೂರು ರಸ್ತೆಯ ಹಾರನ್ನುಗಳನ್ನು ಮೀರಿಸಬೇಕೆಂದು ಅಲ್ಲಿ ಮೈಕು ಇಟ್ಟಿದ್ದರು. ಹಾಲ್ ತುಂಬ ಹೆಂಗಸರು, ಎಲ್ಲರೂ ತಲೆಗೆ ಸೆರಗು ಹೊದ್ದು ಕಣ್ಣು ಮುಚ್ಚಿದ್ದರು. ಗುಂಪಿನ ನಾಯಕರು ಬರಲೇಬೇಕು ಎಂದಿದ್ದರಿಂದ ದಯಾವತಿಯೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಲಕವ್ವ ಬಂದಿರಲಿಲ್ಲ, ಅವಳಿಗೆ ಶುಕ್ರವಾರ ರಜೆ ಎಲ್ಲಿಂದ ಬರಬೇಕು. ಮೈಕು ಸಾಲೊಮಿ ಅಕ್ಕನ ಕೈಗೆ ಬಂತು.

"ಕರ್ತನೇ, ಸ್ತೋತ್ರ. ಈ ದಿನ ನನ್ನ ಎದೆ ಮೇಲೆ ಒಂದು ಭಾರ ಇಟ್ಟಿದ್ದೀ. ನಿನ್ನ ಮಗಳೊಬ್ಬಳು, ಹೆಸರು ನಾನು ಹೇಳಲ್ಲ ಕರ್ತನೇ, ಹೆಸರು ನಿನಗೆ ಗೊತ್ತು. ನಮ್ಮ ನೀರಿನ ಟ್ಯಾಂಕಿನ ಪಕ್ಕದ ವಠಾರದಲ್ಲಿ, ಹಸಿರು ಗೇಟಿನ ವಠಾರದಲ್ಲಿ, ಬಾಡಿಗೆಗೆ ಇದಾಳೆ ಕರ್ತನೇ..."

ದಯಾವತಿ ಕಣ್ಣು ತೆರೆದಳು.

"...ಕೈಯಲ್ಲಿ ಎಳೇ ಕೂಸು. ಗಾರ್ಮೆಂಟ್ಸ್‌ಗೆ ಹೋಗಿ ದುಡೀತಾಳೆ. ಕಟ್ಟಿಕೊಂಡವನನ್ನ ಬಿಟ್ಟು ಇನ್ನೊಬ್ಬನ ಜೊತೆ ಸಂಸಾರ ಮಾಡ್ತಾ ಇದಾಳೆ ಕರ್ತನೇ, ನೀನು ನೋಡಿದ್ದೀ..." ನಂತರ ಊರಿನ ಹೆಸರು ಬಂತು. ತಾಲೂಕು ಬಂತು. ಮೊದಲನೇ ಗಂಡನ ಹೆಸರೂ ಬಂತು. ಅವನ ಅಣ್ಣತಮ್ಮಂದಿರ ಕುಡುಗೋಲಿನಿಂದ ಅವಳನ್ನು ಕಾಪಾಡು ಎಂದು ಸಾಲೊಮಿ ಅಕ್ಕನ ಗಂಟಲು ಗದ್ಗದವಾಯಿತು. ಮೈಕಿನಲ್ಲಿ ಆ ಗದ್ಗದ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.

ದಯಾವತಿ ಸುತ್ತ ನೋಡಿದಳು. ಎಲ್ಲರ ಕಣ್ಣೂ ಮುಚ್ಚಿತ್ತು. ಕಿವಿಗಳು ಮಾತ್ರ ಸೆರಗಿನ ಒಳಗೇ ನಿಗುರಿಕೊಂಡಿದ್ದವು. ಅದು ಅವಳಿಗೆ ಕಾಣದಿದ್ದರೂ ಗೊತ್ತಾಗುತ್ತಿತ್ತು, ತರಗತಿಯಲ್ಲಿ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುವಾಗ ಗೊತ್ತಾಗುವ ಹಾಗೆ.

ಪ್ರಾರ್ಥನೆಯನ್ನು ನಡುವೆ ತಡೆಯುವ ಹಾಗಿಲ್ಲ. ಮಗು ಬಿದ್ದರೂ, ಫೋನು ಬಡಿದುಕೊಂಡರೂ, ಪ್ರಾರ್ಥಿಸುವವರು ತಾವಾಗಿ ನಿಲ್ಲಿಸುವವರೆಗೆ ಯಾರೂ ನಿಲ್ಲಿಸುವುದಿಲ್ಲ. ಪ್ರಾರ್ಥನೆಗೆ ಮುಕ್ತಾಯವೆಂದರೆ ಒಂದೇ, ಆಮೆನ್. ಹಾಗಾಗಿ ದಯಾವತಿ ತನಗೆ ತೋಚಿದ್ದನ್ನು ಮಾಡಿದಳು. ಹಿಂದಿನ ಸಾಲಿನಿಂದ ಗಟ್ಟಿಯಾಗಿ "ಆಮೆನ್!" ಅಂದಳು.

ಮುಗಿಯಲಿ ಎಂದು ಅವಳು ಅಂದದ್ದು. ಅವಳಿಗೆ ಹುಮ್ಮಸ್ಸು ಬಂದಿದೆ ಎಂದು ಉಳಿದವರು ತಿಳಿದರು. ಎಡಗಡೆಯಿಂದ ಒಬ್ಬರು ಆಮೆನ್ ಅಂದರು, ಬಲಗಡೆಯಿಂದ ಇಬ್ಬರು. ಇಡೀ ಹಾಲ್ ಆಮೆನ್, ಆಮೆನ್ ಎಂದು ಎದ್ದಿತು. ಸಾಲೊಮಿ ಅಕ್ಕನಿಗೆ ಅದರಿಂದ ಹೊಸ ಬಲ ಬಂದು, ವಠಾರದಲ್ಲಿ ಅವಳದು ಎಷ್ಟನೇ ಮನೆ ಎಂಬುದನ್ನೂ ಕರ್ತನಿಗೆ ತಿಳಿಸಿದರು.

ಉಪವಾಸ ಬಿಟ್ಟ ಮೇಲೆ ಚಿತ್ರಾನ್ನ. ಕೈತೊಳೆಯುವ ಕಡೆ ದಯಾವತಿ ಸಾಲೊಮಿ ಅಕ್ಕನನ್ನು ಹಿಡಿದಳು. ಅವರ ತುಟಿಯ ಮೇಲೆ ಅರ್ಧ ಕಡಲೇಬೀಜ ಅಂಟಿತ್ತು, ಮಾತಾಡಿದ ಹಾಗೆಲ್ಲ ಅದು ಮೇಲೆ ಕೆಳಗೆ ಆಡುತ್ತಿತ್ತು. ದಯಾವತಿಗೆ ಅದರ ಮೇಲಿಂದ ಕಣ್ಣು ತೆಗೆಯಲು ಆಗಲಿಲ್ಲ.

"ಏನಕ್ಕ ಮಾಡಿದ್ರಿ? ಹೊರಗೆ ಹೇಳಬಾರದು ಅಂತ ಅಲ್ವಾ ಮಾತಾಗಿದ್ದು?"

"ನಾನು ಯಾರ ಹತ್ರ ಹೇಳ್ದೆ?" ಸಾಲೊಮಿ ಅಕ್ಕ ನಿಜವಾಗಿಯೂ ಬೆರಗಾದರು. "ನೀವೇ ತಾನೆ ಹೇಳಿದ್ದು ದಯಾ, ದೇವರ ಹತ್ತಿರ ಮಾತ್ರ ಅಂತ? ದೇವರ ಹತ್ರಾನೇ ಹೇಳಿದ್ದು. ಕಣ್ಣು ಮುಚ್ಕೊಂಡೇ ಹೇಳಿದ್ದು."

"ಹೆಸರು ಹೇಳಿಲ್ವಲ್ಲ ಮೇಡಂ" ಎಂದು, ಬ್ಯಾಂಕಿಗೆ ರಜೆ ಹಾಕಿ ಬಂದಿದ್ದ ವಾಸಂತಿ ಪಕ್ಕದಿಂದ ಸಮಾಧಾನ ಹೇಳಿದಳು.

ಕೈಯಲ್ಲಿ ತಟ್ಟೆ ಹಿಡಿದ ಇನ್ನೊಬ್ಬ ಹೆಂಗಸು ಹತ್ತಿರ ಬಂದಳು. ಮುಖದ ತುಂಬ ಮರುಕ. "ಟ್ಯಾಂಕ್ ಪಕ್ಕದ್ದು ಅಂದ್ರೆ ಈಶ್ವರಮ್ಮನ ವಠಾರ ಅಲ್ವೇನ್ರೀ? ಪಾಪ ಆ ಹುಡುಗಿ. ನಮ್ಮ ಮನೇಲಿ ಬಾಡಿಗೆಗಿರೋ ಹುಡುಗರೂ ಅದೇ ಊರ ಕಡೆಯೋರೇ. ಕೇಳಿ ನೋಡ್ತೀನಿ, ಗುರುತಿದ್ರೆ ಏನಾದ್ರೂ ಸಹಾಯ ಮಾಡ್ತಾರೆ."

"ಬೇಡ! ಕೇಳಬೇಡಿ!" ದಯಾವತಿ ಕಿರುಚಿದಳು. ಕಿರುಚಿದ ಮೇಲೆ ಗೊತ್ತಾಯಿತು, ಈಶ್ವರಮ್ಮನ ವಠಾರವೇ ಹೌದು ಎಂದು ತಾನು ಮೊಹರು ಒತ್ತಿದ ಹಾಗಾಯಿತೆಂದು. ಆ ಹೆಂಗಸು ತಲೆಯಾಡಿಸಿ, ಇನ್ನಷ್ಟು ಮರುಕದಿಂದ ಹೊರಟುಹೋದಳು.

ದಯಾವತಿ ಸಭಾಪಾಲಕರ ಬಳಿಗೂ ಹೋದಳು. ಅವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿದರು. "ಸಾಲೊಮಿ ಅಕ್ಕಂಗೆ ಭಾರ ಸ್ವಲ್ಪ ಜಾಸ್ತಿ ಸಿಸ್ಟರ್. ಮನಸ್ಸು ಒಳ್ಳೇದು. ನಾವು ಇದನ್ನ ಪ್ರಾರ್ಥನೆಯಲ್ಲಿ ಇಡೋಣ." ಅಷ್ಟರಲ್ಲಿ ಅವರಿಗೆ ಇನ್ನೊಂದು ಹೊಳೆಯಿತು. "ವಿಷಯ ಹೀಗಿದೆ ಅಂದ್ಮೇಲೆ ಆ ಮಗೂಗೆ ದೀಕ್ಷಾಸ್ನಾನ ಸದ್ಯಕ್ಕೆ ಬೇಡ. ನೀವೇ ಆ ತಾಯಿಗೆ ಒಂದ್ಮಾತು ಹೇಳ್ಬಿಡಿ, ನಿಮ್ಮ ಮೇಲೆ ಅವಳಿಗೆ ಗೌರವ ಇದೆ." ನಂತರ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿಯೇ ಬಿಟ್ಟರು. ದಯಾವತಿ ಕಣ್ಣು ಮುಚ್ಚಲಿಲ್ಲ. ಅವರ ಮೇಜಿನ ಮೇಲೆ 'ಬೀಗ ತೆಗೆ, ಬೆಳಕು ಬರಲಿ' ಪುಸ್ತಕದ ಕಟ್ಟು ಇತ್ತು, ರಟ್ಟಿನ ಮೇಲಿನ ಹಲ್ಲುಗಳೆಲ್ಲ ಅವಳನ್ನು ನೋಡಿ ನಗುತ್ತಿದ್ದವು.

ಅಲ್ಲಿಂದ ನೇರವಾಗಿ ಅವಳು ವಠಾರಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಏನೆಂದು ಹೇಳುವುದು? ನಿನ್ನ ಬಾಯಿ ಬಿಡಿಸಿದ್ದು ನಾನು, ಬೀದಿಗೆ ಹಾಕಿದ್ದು ನನ್ನ ಕಟ್ಟಳೆ ಎಂದೇ? ಶನಿವಾರ ಮಂಡಿ ನೋವು ಎಂದು ನೆಪ ಹೇಳಿಕೊಂಡಳು. ಭಾನುವಾರ ಅವಳೇ ಆರಾಧನೆಗೆ ಬರುತ್ತಾಳಲ್ಲ ಎಂದುಕೊಂಡಳು. ಮಲಕವ್ವ ಬರಲಿಲ್ಲ. ಸೋಮವಾರ ಬೆಳಗ್ಗೆ ನೆಪಗಳೆಲ್ಲ ತೀರಿಹೋಗಿ ಅವಳು ಹಸಿರು ಗೇಟಿನ ಮುಂದೆ ನಿಂತಾಗ, ಅಲ್ಲಿ ಒಂದು ಸಾಮಾನಿನ ಆಟೋ ನಿಂತಿತ್ತು. ಯಂಕಪ್ಪ ಗ್ಯಾಸ್ ಒಲೆ, ಹಾಸಿಗೆ ಸುರುಳಿ, ನೀರಿನ ಕೊಡ ಹೇರುತ್ತಿದ್ದ. ಅವಳನ್ನು ನೋಡಿ ಮುಖ ಆ ಕಡೆ ತಿರುಗಿಸಿದ.

ಗೇಟಿನ ಬಳಿಯೇ ಓನರ್ ಈಶ್ವರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನೀವೇ ಏನು ಆ ಗುಂಪು ನಡೆಸೋರು?" ಎಂದಳು. "ನಿನ್ನೆ ಸಂಜೆ ಇಬ್ರು ಬಂದಿದ್ರು. ಊರು ಕೇಳ್ಕೊಂಡು, ಕೂಸು ಕೇಳ್ಕೊಂಡು. ಅಂಥೋರು ಯಾರೂ ಇಲ್ಲ ಹೋಗ್ರಯ್ಯಾ ಅಂದೆ. ಮತ್ತೆ ಬತ್ತಾರೆ ಅವ್ರು, ಬರ್ದೆ ಇರ್ತಾರಾ? ಮೈಕಾಕಿ ಅಡ್ರೆಸ್ ಕೊಟ್ರಂತಲ್ಲ ನೀವು. ಥೂ."

ಅವಳು ಪಕ್ಕಕ್ಕೆ ತಿರುಗಿ ಉಗಿದೂ ಉಗಿದಳು. ದಯಾವತಿಗೆ ಸಿಟ್ಟು ಬರಲಿಲ್ಲ. ತನಗೂ ಉಗಿಯಬೇಕು ಅನ್ನಿಸಿತ್ತು, ಎಲ್ಲಿಗೆ ಉಗಿಯುವುದೆಂದು ಮಾತ್ರ ತಿಳಿದಿರಲಿಲ್ಲ.

ಮಲಕವ್ವ ಖಾಲಿ ಕೋಣೆಯ ಕಸ ಗುಡಿಸುತ್ತಿದ್ದಳು. ಬಿಟ್ಟು ಓಡುವ ಮನೆಯನ್ನೂ ಗುಡಿಸಿಯೇ ಹೋಗುವ ಜಾಯಮಾನದವಳು. ಕೂಸು ಮೂಲೆಯಲ್ಲಿ ಗಂಟುಮೂಟೆಗೆ ಒರಗಿ ಕೂತಿತ್ತು.

"ಮಲಕವ್ವಾ, ನಾನು ಹೇಳಲಿಲ್ಲಮ್ಮ" ಅಂದಳು ದಯಾವತಿ. ಎಷ್ಟು ಹೊಲಸಾದ ಮಾತು ಅದು ಎಂದು ಬಾಯಿಯಿಂದ ಬಿದ್ದ ಮೇಲೆ ಗೊತ್ತಾಯಿತು.

"ಗೊತ್ತೈತ್ರಿ ಅಕ್ಕಾರ." ಮಲಕವ್ವ ಪೊರಕೆ ಕೆಳಗಿಟ್ಟಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ತಡೆಯಲಾಗದ್ದು. "ನೀವು ಏನೂ ಹೇಳ್ಲಿಲ್ಲ. ನೀವು ಸುಮ್ಕ ಕುಂತ್ರಿ. ನನ್ನ ನೋಡ್ಕೋತ ಕುಂತ್ರಿ. ಸಾಲಿ ಕಲಿಸ್ದೋರು, ಇಷ್ಟೊತ್ತ ಸುಮ್ಕ ಕುಂತಾರಂದ್ರ ಜವಾಬು ನಾನ ಕೊಡಬೇಕೇನೊ ಅಂದ್ಕೊಂಡೆ. ಅಷ್ಟ ರೀ."

ದಯಾವತಿ ಏನೋ ಹೇಳಲು ಬಾಯಿ ತೆರೆದಳು. ಎಲ್ಲಿಗೆ ಹೋಗ್ತಿದ್ದೀರಿ ಎಂದು ಕೇಳುವುದರಲ್ಲಿದ್ದಳು. ಮಲಕವ್ವ ಕೈಯೆತ್ತಿ ತಡೆದಳು.

"ಎಲ್ಲಿಗಿ ಅಂತ ಕೇಳಬ್ಯಾಡ್ರಿ ಅಕ್ಕಾರ. ನೀವು ಕೇಳಿದ್ರ ನಾ ಹೇಳಿಬಿಡ್ತೀನಿ." ಕೂಸನ್ನು ಎತ್ತಿ ಕಂಕುಳಿಗಿಟ್ಟುಕೊಂಡಳು. ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿದಳು. "ಇನ್ನೊಂದ್ ಮಾತ್ರಿ. ಸಿಟ್ಟಾಗಬ್ಯಾಡ್ರಿ. ನಮ್ಮ ಸಲುವಾಗಿ ಯಾರೂ ಪ್ರಾರ್ಥನಾ ಮಾಡಬ್ಯಾಡ್ರಿ."

ಅವಳು ಹೋಗಿ ಆಟೋದಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತಳು. ಡ್ರೈವರು, ಅವನಿಗೇನು ಗೊತ್ತು, ಇಂಜಿನ್ನಿನ ಸದ್ದಿಗೆ ಕೇಳಿಸಲೆಂದು ಕೂಗಿ ಯಂಕಪ್ಪನನ್ನು ಕೇಳಿದ, ಇಂಥ ಊರೇ ತಾನೆ ಅಣ್ಣ ಎಂದು. ದಯಾವತಿಗೆ ಅದು ಕೇಳಿಸಿತು. ಕೇಳಿಸಬಾರದಿತ್ತು, ಕೇಳಿಸಿಬಿಟ್ಟಿತು. ಬೆಂಗಳೂರಿನ ಸುತ್ತ ಫ್ಯಾಕ್ಟರಿ ಇರುವ ಊರುಗಳಿಗೇನು ಬರವೇ? ಅವುಗಳಲ್ಲಿ ಯಾವುದು ಎಂದು ನೀವೂ ಕೇಳಬೇಡಿ. ಮಲಕವ್ವ ಎನ್ನುವುದು ಕೂಡ ಅವಳ ಹೆಸರಲ್ಲ.

ಎರಡು ದಿನ ದಯಾವತಿಗೆ ಊಟ ಸೇರಲಿಲ್ಲ. ಸಾಲೊಮಿ ಅಕ್ಕನನ್ನು ನೆನೆದರೆ ಹೇಸಿಗೆ, ಸಭಾಪಾಲಕರನ್ನು ನೆನೆದರೆ ಹೇಸಿಗೆ. ಎಲ್ಲಕ್ಕಿಂತ ಹೇಸಿಗೆಯೆಂದರೆ ಆ ಬುಧವಾರ ತನ್ನೊಳಗೆ ಎದ್ದಿದ್ದ ಆ ಗೆದ್ದೆನೆಂಬ ಖುಷಿ. ಅದನ್ನು ಯಾವ ಸೋಪಿನಲ್ಲಿ ತೊಳೆಯುವುದು? ಗುಂಪು ಬಿಟ್ಟುಬಿಡು ಎಂದ ಗಂಡ. ಈ ವಾರ ಒಂದು ನಡೆಸ್ತೀನಿ ಅಂದಳು.

ಬುಧವಾರ ಎಲ್ಲರೂ ಬಂದರು. ಪ್ರಸನ್ನಕುಮಾರ್ ಅಡುಗೆಮನೆಯ ಕಡೆ ಮೂಗು ತಿರುಗಿಸಿದರು, ಬೋಂಡಾದ ವಾಸನೆ ಇರಲಿಲ್ಲ. ಬಾಗಿಲ ಪಕ್ಕದ ಚಾಪೆ ಮಡಿಸಿಟ್ಟ ಹಾಗೇ ಇತ್ತು. ಯಾರೂ ಅಧ್ಯಾಯ ತೆರೆಯಲಿಲ್ಲ.

"ಖಾಲಿ ಮಾಡ್ಕೊಂಡು ಹೋದ್ರಂತಲ್ಲ?" ಎಂದರು ಸಾಲೊಮಿ ಅಕ್ಕ. "ನಂಗೆ ಎರಡು ದಿನದಿಂದ ನಿದ್ದೆಯಿಲ್ಲ ದಯಾ. ಅಷ್ಟು ಭಾರ. ಎಲ್ಲಿಗೆ ಹೋದ್ರಂತೆ?"

"ನೀವು ಹೋಗಿದ್ರಂತೆ ಮೇಡಂ, ಹೊರಡೋವಾಗ" ಅಂದಳು ವಾಸಂತಿ. "ನಿಮಗೆ ಹೇಳೇ ಇರ್ತಾಳೆ."

"ಪ್ರಾರ್ಥನೆಗೆ ಬೇಕಿತ್ತು" ಎಂದರು ಸಾಲೊಮಿ ಅಕ್ಕ.

ದಯಾವತಿ ಉತ್ತರ ಕೊಡಲಿಲ್ಲ. ಅವರೂ ಮುಂದೆ ಮಾತಾಡಲಿಲ್ಲ. ಸುಮ್ಮನೆ ಕೂತರು, ಮೂವರೂ, ಅವಳನ್ನೇ ನೋಡುತ್ತ. ಅವಳೇ ಕಲಿಸಿದ ವಿದ್ಯೆ, ಎಷ್ಟು ಚೆನ್ನಾಗಿ ಕಲಿತಿದ್ದರು! ಫ್ಯಾನು ತಿರುಗಿತು. ಹೊರಗೆ ಗ್ರೈಂಡರು ಕಬ್ಬಿಣ ಉಜ್ಜಿತು. ಆಗ ದಯಾವತಿಗೆ ತನ್ನ ನಾಲಿಗೆಯ ಮೇಲೆ ಆ ಊರಿನ ಹೆಸರು ಎದ್ದು ಕೂತದ್ದು ತಿಳಿಯಿತು. ಹೇಳಿಬಿಡಬೇಕು ಎಂಬ ತುರಿಕೆ. ಒಂದೇ ಮಾತು, ಈ ಮೌನ ಮುಗಿಯುತ್ತದೆ, 'ಅಯ್ಯೋ ಪಾಪ, ದೂರ ಆಯ್ತಲ್ಲ' ಎಂದು ಎಲ್ಲರೂ ತಲೆಯಾಡಿಸುತ್ತಾರೆ, ತಾನೂ ಆಡಿಸಬಹುದು. ಮಲಕವ್ವ ಆ ಚಾಪೆಯ ಮೇಲೆ ಅನುಭವಿಸಿದ್ದು ಇದನ್ನೇ ಎಂದು ಅವಳಿಗೆ ಅರ್ಥವಾಯಿತು. ಅವಳು ಹಲ್ಲು ಕಚ್ಚಿ ಹಿಡಿದಳು.

ಬಹಳ ಹೊತ್ತಾದ ಮೇಲೆ ಸೋತವರು ಸಾಲೊಮಿ ಅಕ್ಕ. "ಹೋಗ್ಲಿ, ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡೋಣ" ಎಂದು ನಿಟ್ಟುಸಿರುಬಿಟ್ಟರು. "ಕರ್ತನೇ, ಆ ಮಗಳು ಎಲ್ಲೇ ಇರಲಿ, ನೀನು ಹುಡುಕು. ನಮಗೂ ತೋರಿಸು ಕರ್ತನೇ, ನಾವು ಹೋಗಿ ಅವಳನ್ನ ಕಾಣೋ ಹಾಗೆ ಮಾಡು..." ಇರುವಷ್ಟು ಮಾತನ್ನೆಲ್ಲ ಹೇಳಿ ಮುಗಿಸಿ, ರೂಢಿಯಂತೆ ಕಾದರು. ಗುಂಪಿನ ಪ್ರಾರ್ಥನೆಗೆ ಕೊನೆಯ ಆಮೆನ್ ನಾಯಕಿಯದು. ಅವಳು ಅಂದ ಮೇಲೆ ಉಳಿದವರು ಅನ್ನಬೇಕು, ಆಮೇಲೆಯೇ ಕಣ್ಣು ತೆರೆಯಬೇಕು.

ದಯಾವತಿ ಅನ್ನಲಿಲ್ಲ.

ಮೂವರೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಪ್ರಸನ್ನಕುಮಾರ್ ಗಂಟಲು ಸರಿಮಾಡಿಕೊಂಡರು. ವಾಸಂತಿಯ ರೆಪ್ಪೆಗಳು ಅದುರುತ್ತಿದ್ದವು, ತೆರೆಯುವ ಧೈರ್ಯ ಬರಲಿಲ್ಲ. ಸಾಲೊಮಿ ಅಕ್ಕ ಕೈಜೋಡಿಸಿ ಮುಖ ಮೇಲೆತ್ತಿ, ಬಾರದ ಆಮೆನ್‌ಗಾಗಿ ಬಾಯಿ ಅರ್ಧ ತೆರೆದಿದ್ದರು. ದಯಾವತಿ ಸದ್ದಾಗದ ಹಾಗೆ ಎದ್ದಳು. ಮಡಿಸಿಟ್ಟ ಚಾಪೆಯನ್ನು ಎತ್ತಿ ಕಂಕುಳಲ್ಲಿ ಹಿಡಿದುಕೊಂಡಳು. ಅವರನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಗಂಡನ ಪಕ್ಕ ಕೂತಳು. ಅವನು ಪೇಪರಿನ ಒಂದು ಹಾಳೆಯನ್ನು ಅವಳಿಗೆ ಕೊಟ್ಟ.

"ಮುಗೀತಾ?" ಎಂದ.

"ಇಲ್ಲ" ಅಂದಳು ದಯಾವತಿ.